ಪದ ಬೇಕು: ಪಾಪಕ್ಕೆ ಬಿದ್ದ ದೇವದೂತರನ್ನು ಏನೆಂದು ಕರೆಯೋಣ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಸೆಪ್ಟೆಂಬರ್ 29ಕ್ಕೆ ಪ್ರಧಾನ ದೇವದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಆ ದಿನ ನಮ್ಮ ಚರ್ಚಿನ ಹುಡುಗ ಹುಡುಗಿಯರ ಜೊತೆ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ದೇವರು ಒಳ್ಳೆಯವರನ್ನಾಗಿ ಮಾಡಿದ ದೂತರು ಪಾಪ ಮಾಡಿದ್ದಾದರೂ ಹೇಗೆ ಅನ್ನುವುದೇ ವಿಷಯ. ಒಂದು ಫ್ಲೆಕ್ಸ್, ನಾಲ್ಕು ಪುಟದ ಒಂದು ಕೈಪತ್ರ ಆಗಬೇಕು. ನಾಳೆ ಸಂಜೆ ಪ್ರಿಂಟಿಂಗ್ ಅಂಗಡಿಗೆ ಮ್ಯಾಟರ್ ಕೊಡಬೇಕು.

‘ಪತಿತ ದೇವದೂತರು’ ಎಂದು ಬರೆದಿದ್ದೆ. ಓದಿದ ಹುಡುಗಿ ‘ಪತಿತ ಅಂದ್ರೆ ಏನು ಸರ್?’ ಅಂದಳು. ‘ಬಿದ್ದ ದೇವದೂತರು’ ಅಂದರೆ ಪಾಚಿ ಮೆಟ್ಟಿಲ ಮೇಲೆ ಕಾಲು ಜಾರಿದ ಹಾಗೆ ಕೇಳಿಸುತ್ತದೆ. ದಯವಿಟ್ಟು ಹೇಳಿ.

ಸಾಗರದಿಂದ:

ಭ್ರಷ್ಟ. ಇದರಲ್ಲಿ ಚರ್ಚೆಗೆ ಏನಿದೆ? ‘ಭ್ರಂಶ’ ಎಂದರೇ ಬೀಳುವುದು. ಯೋಗಭ್ರಷ್ಟ, ಪದಭ್ರಷ್ಟ ಎಲ್ಲ ಅಲ್ಲಿಂದಲೇ ಬಂದವು. ಬೈಬಲಿನಲ್ಲಿ ಯೂದನ ಪತ್ರದ 6ನೇ ವಚನ ತೆಗೆದು ನೋಡಿ. ತಮ್ಮ ಸ್ಥಾನ ಉಳಿಸಿಕೊಳ್ಳದೆ, ಇದ್ದ ನೆಲೆ ಬಿಟ್ಟು ಹೋದ ದೂತರ ಮಾತು ಅಲ್ಲಿದೆ. ‘ಸ್ಥಾನಭ್ರಷ್ಟ ದೂತರು’ ಎಂದು ಬರೆಯಿರಿ, ಅಕ್ಷರಕ್ಕೆ ಅಕ್ಷರ ಕೂರುತ್ತದೆ. ಪಾತಕ ಎಂಬ ಪದ ಕೂಡ ಬೀಳಿಸುವಂಥದ್ದು ಎಂಬ ಅರ್ಥದಿಂದಲೇ ಬಂದದ್ದು. ಪಾಪಕ್ಕೂ ಬೀಳುವುದಕ್ಕೂ ಇರುವ ನಂಟು ಸಂಸ್ಕೃತದಲ್ಲಿ ಮೊದಲೇ ಇದೆ. ಹೊಸದು ಹುಡುಕುವುದು ಸುಮ್ನೆ ಕಾಲಹರಣ.

ತೀರ್ಥಹಳ್ಳಿಯಿಂದ:

ಒಪ್ಪುವುದಿಲ್ಲ. ಇವತ್ತು ಭ್ರಷ್ಟ ಅಂದರೆ ಲಂಚ ತಿಂದವನು, ಅಷ್ಟೇ. ಫ್ಲೆಕ್ಸ್ ಓದುವವರು ಧಾತು ಬಿಡಿಸುತ್ತಾ ನಿಲ್ಲುವುದಿಲ್ಲ. ದೇವ, ದೂತ, ಪಾಪ, ಈಗ ಭ್ರಷ್ಟ. ಕನ್ನಡ ಎಲ್ಲಿದೆ ಇದರಲ್ಲಿ? ಹೀಬ್ರೂವಿನ ‘ಮಲಾಖ್’, ಗ್ರೀಕಿನ ‘ಆಂಗೆಲೊಸ್’ ಎರಡಕ್ಕೂ ಸುದ್ದಿ ತರುವವನು ಎಂದೇ ಅರ್ಥ. ‘ಬಾನ್ಸುದ್ದಿಗ’ ಅನ್ನಬಹುದಲ್ಲ.

ಸಾಗರದಿಂದ:

‘ಸುದ್ದಿ’ ಬಂದದ್ದು ಸಂಸ್ಕೃತದ ‘ಶುದ್ಧಿ’ಯಿಂದ. ಮೊದಲು ನಿಘಂಟು ನೋಡಿ.

ತೀರ್ಥಹಳ್ಳಿಯಿಂದ:

ಹಾಗಿದ್ದರೆ ‘ಬಾನೋಲೆಕಾರ’. ಓಲೆ ನಮ್ಮದೇ.

ಕೊಪ್ಪದಿಂದ:

ಓಲೆಕಾರನ ಪಂಚಾಯಿತಿ ಆಮೇಲೆ ಮಾಡೋಣ. ಜಯ ವಿಜಯರ ಪ್ರಸಂಗ ನೋಡದವರು ನಮ್ಮ ಕಡೆ ಯಾರಿದ್ದಾರೆ? ವೈಕುಂಠದ ಬಾಗಿಲು ಕಾಯುವವರೇ ಬಿದ್ದರು. ‘ಶಾಪಗ್ರಸ್ತ ದೂತರು’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಹೊಸನಗರದಿಂದ:

ಶಿವಮೊಗ್ಗದವರ ಪ್ರಶ್ನೆಯನ್ನು ಯಾರೂ ಪೂರ್ತಿ ಓದಿದಂತಿಲ್ಲ. ಹೇಗೆ ಪಾಪ ಮಾಡಿದರು ಅನ್ನುವುದು ತಿಳಿಯದೆ ಪದ ಆರಿಸಿದರೆ ಫ್ಲೆಕ್ಸೇ ತಪ್ಪು ಹೇಳುತ್ತದೆ.

ಕೊಪ್ಪದವರೇ, ಜಯ ವಿಜಯರಿಗೆ ಶಾಪ ಕೊಟ್ಟವರು ಸನಕಾದಿಗಳು. ಮೂರು ಜನ್ಮ ಕಳೆದು ಜಯ ವಿಜಯರು ವಾಪಸು ಹೋಗುತ್ತಾರೆ. ಇಲ್ಲಿ ಶಾಪ ಕೊಟ್ಟು ಬೀಳಿಸಿದವರು ಯಾರೂ ಇಲ್ಲ, ವಾಪಸು ಹೋಗುವ ದಾರಿಯೂ ಇಲ್ಲ. ಮನುಷ್ಯರಿಗೆ ಸಾವು ಹೇಗೋ ದೂತರಿಗೆ ಆ ಬೀಳುವಿಕೆ ಹಾಗೆ, ಅದರಾಚೆ ಪಶ್ಚಾತ್ತಾಪ ಇಲ್ಲ ಎಂದು ಹಳೆಯ ಕಾಲದ ಕ್ರೈಸ್ತ ಪಂಡಿತ ದಮಸ್ಕದ ಯೋಹಾನ ಬರೆದಿದ್ದಾನೆ. ಶಾಪಗ್ರಸ್ತ ಅಂದ ಕೂಡಲೇ ತಪ್ಪು ಬೇರೆ ಯಾರದೋ ಮೇಲೆ ಹೋಗುತ್ತದೆ.

ದೂತರಿಗೆ ಮೈ ಇಲ್ಲ. ಹಸಿವು, ದಣಿವು, ಮೈಯ ಆಸೆ ಯಾವುದೂ ಇಲ್ಲ. ಮೊದಲು ಪಾಪ ಮಾಡಿದವನನ್ನು ಮರುಳು ಮಾಡಲು ಅವನಿಗಿಂತ ಮುಂಚೆ ಒಬ್ಬ ಸೈತಾನ ಇರಲಿಲ್ಲ. 1215ರಲ್ಲಿ ಚರ್ಚಿನ ಹಿರಿಯರು ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಹೇಳಿತು. ದೇವರು ಮಾಡಿದಾಗ ಅವರು ಒಳ್ಳೆಯವರೇ, ಕೆಟ್ಟದ್ದು ತಾವಾಗಿಯೇ. ನಮ್ಮ ಕೆಡು, ಕೆಡಿಸು ಎರಡೇ ಕ್ರಿಯಾಪದದಲ್ಲಿ ಇದು ಮುಗಿಯುತ್ತದೆ. ಅವರು ಕೆಟ್ಟರು, ಯಾರೂ ಕೆಡಿಸಲಿಲ್ಲ.

ಆದರೆ ಹಾಲೂ ಕೆಡುತ್ತದೆ, ಹಾಲಿಗೆ ಮನಸ್ಸಿಲ್ಲ. ಬೀಳುವುದೂ ಹಾಗೇ. ಈ ವರ್ಷ ಮಳೆ ಬಿಡದೆ ನಮ್ಮ ತೋಟಕ್ಕೆ ಕೊಳೆ ಬಂದಿದೆ, ದಿನಾ ಬೆಳಿಗ್ಗೆ ಮರದ ಬುಡದಲ್ಲಿ ಅಡಿಕೆ ಕಾಯಿ ಉದುರಿ ಬಿದ್ದಿರುತ್ತವೆ. ಅವುಗಳನ್ನು ಆರಿಸುವಾಗ ನಿಮ್ಮ ಪ್ರಶ್ನೆಯೇ ತಲೆಯಲ್ಲಿತ್ತು. ಬಿದ್ದದ್ದು ಕಾಯಿಯ ತಪ್ಪಲ್ಲ. ದೂತರು ಬಿದ್ದದ್ದು ದೂತರದೇ ತಪ್ಪು. ಈ ವ್ಯತ್ಯಾಸ ಪದದಲ್ಲಿ ಕಾಣಬೇಕು, ಅಲ್ವಾ?

ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಹೇಳುವುದು ಹೀಗೆ. ದೂತರಿಗೆ ಮೊದಲಿಂದಲೂ ಕೃಪೆ ಇತ್ತು, ಆದರೆ ದೇವರನ್ನು ಮುಖಾಮುಖಿ ಕಂಡಿರಲಿಲ್ಲ. ಕಂಡಿದ್ದರೆ ಪಾಪ ಮಾಡಲು ಆಗುತ್ತಲೇ ಇರಲಿಲ್ಲ. ಆ ನಡುವಿನಲ್ಲಿ ಒಂದು ಆಯ್ಕೆ ಇತ್ತು. ಸೈತಾನ ಬಯಸಿದ್ದು ದೇವರ ಹಾಗೆ ಇರಬೇಕು ಎಂದು. ಅದು ಕೊಡುಗೆಯಾಗಿ ಬರುವಂಥದ್ದು. ಅವನು ತನ್ನ ಬಲದಿಂದಲೇ ಪಡೆಯಲು ಹೊರಟ. ಸೊಕ್ಕು ಅಂದರೆ ಅದೇ. ಆ ಮನಸ್ಸನ್ನು ಕೆಡಿಸಿದ್ದು ಏನು ಎಂದು ಹುಡುಕಬೇಡಿ ಅನ್ನುತ್ತಾನೆ ಅವನಿಗಿಂತ ಹಿಂದಿನ ಕ್ರೈಸ್ತ ಗುರು ಅಗಸ್ಟೀನ್. ಅಲ್ಲಿರುವುದು ಬರೀ ಒಂದು ಕೊರತೆ. ಅದಕ್ಕೆ ಕಾರಣ ಹುಡುಕುವುದು ಕತ್ತಲನ್ನು ಕಣ್ಣಿಂದ ನೋಡಲು, ಮೌನವನ್ನು ಕಿವಿಯಿಂದ ಕೇಳಲು ಹೊರಟ ಹಾಗೆ. ದೂತರು ಎಲ್ಲಕ್ಕಿಂತ ಮೇಲಿನವನಿಂದ ತಮ್ಮ ಕಡೆಗೆ ತಿರುಗಿದರು, ಆ ತಿರುಗುವುದೇ ಬೀಳುವುದು.

ಈ ಮಾತು ಓದುವಾಗಲೆಲ್ಲ ನನಗೆ ಒಂದೇ ಪದ ನೆನಪಾಗುತ್ತದೆ. ತಿರುಗಿಬೀಳು. ಒಡೆಯನ ಮೇಲೆ ಆಳು ತಿರುಗಿಬಿದ್ದ, ಅಪ್ಪನ ಮೇಲೆ ಮಗ ತಿರುಗಿಬಿದ್ದ ಅನ್ನುತ್ತೇವೆ. ಬೇಕಂತಲೇ ಮಾಡಿದ್ದು ಅದರಲ್ಲಿದೆ, ಎದುರು ನಿಂತದ್ದಿದೆ, ಬಿದ್ದದ್ದೂ ಇದೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 12ನೇ ಅಧ್ಯಾಯದಲ್ಲಿ ಮಿಕಾಯೇಲನ ಎದುರು ಯುದ್ಧಕ್ಕೆ ನಿಂತು ಸೋತು ಭೂಮಿಗೆ ದೊಬ್ಬಿಸಿಕೊಂಡವರು ಇವರೇ. ‘ತಿರುಗಿಬಿದ್ದ ದೇವದೂತರು’ ಎಂದು ಬರೆಯಿರಿ.

ತೀರ್ಥಹಳ್ಳಿಯಿಂದ:

ತಿರುಗಿಬಿದ್ದ ಒಪ್ಪಿದೆ. ದೇವದೂತ ಒಪ್ಪಿಲ್ಲ. ಎಲ್ಲರೂ ಬಳಸುತ್ತಾರೆ ಎಂದು ಬಿಟ್ಟರೆ ನಮ್ಮ ಭಾಷೆಯಲ್ಲಿ ಉಳಿಯುವುದೇನು?

ಸಾಗರದಿಂದ:

ಸೈತಾನ ಅರಬ್ಬಿಯ ದಾರಿಯಿಂದ ಬಂದ. ಚರ್ಚು, ಫಾದರ್, ಫ್ಲೆಕ್ಸ್ ಇಂಗ್ಲಿಷಿನಿಂದ ಬಂದವು. ಅವಕ್ಕೆ ನಿಮ್ಮ ತಕರಾರಿಲ್ಲ, ಸಂಸ್ಕೃತಕ್ಕೆ ಮಾತ್ರ ಬಾಗಿಲು ಹಾಕುತ್ತೀರಿ. ಇದು ತತ್ವ ಅಲ್ಲ, ಹಟ.

ಹೊಸನಗರದಿಂದ:

ನಮ್ಮ ಊರಿನ ಕೊಂಕಣಿ ಕ್ರೈಸ್ತರು ದೂತನಿಗೆ ‘ಆಂಜ್’ ಅನ್ನುತ್ತಾರೆ, ಪೋರ್ಚುಗೀಸಿನಿಂದ ಬಂದದ್ದು. ಆ ಪದದಲ್ಲೇ ತಲೆಮಾರುಗಳಿಂದ ಪ್ರಾರ್ಥನೆ ನಡೆದಿದೆ. ಜನ ದೇವರ ಮುಂದೆ ಆಡುವ ಪದವನ್ನು ಅದರ ಊರು ಕೇಳಿ ಹೊರಗೆ ಹಾಕಬಾರದು. ಕನ್ನಡದ ಬೈಬಲ್ ಆದ ಸತ್ಯವೇದದಲ್ಲಿ ‘ದೇವದೂತ’ ಇದೆ. ನಾನು ಅದನ್ನು ಬಿಡುವುದಿಲ್ಲ.

ಶಿವಮೊಗ್ಗದಿಂದ:

ಮೇಡಂ, ತುಂಬಾ ಉಪಕಾರವಾಯಿತು. ‘ತಿರುಗಿಬಿದ್ದ ದೇವದೂತರು’ ಎಂದೇ ಹಾಕುತ್ತೇನೆ. ಕೈಪತ್ರದಲ್ಲಿ ಕೆಡು, ಕೆಡಿಸು ವಿಷಯವನ್ನೂ ಸೇರಿಸುತ್ತೇನೆ, ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಸಾಗರದವರು ತೋರಿಸಿದ ಯೂದನ ವಚನವೂ ಇರುತ್ತದೆ. ಒಂದು ಅನುಮಾನ ಉಳಿದಿದೆ. ಫ್ಲೆಕ್ಸಿನಲ್ಲಿ ಜಾಗ ಕಮ್ಮಿ, ‘ತಿರುಗಿ’ ಒಂದು ಸಾಲು, ‘ಬಿದ್ದ’ ಇನ್ನೊಂದು ಸಾಲು ಮಾಡಬಹುದಾ?

ಹೊಸನಗರದಿಂದ:

ಬೇಡವೇ ಬೇಡ. ಬಿಡಿಸಿದರೆ ‘ಮತ್ತೆ ಬಿದ್ದ’ ಎಂದು ಓದುತ್ತಾರೆ. ಅವರು ಬಿದ್ದದ್ದು ಒಂದೇ ಸಲ. ಅಕ್ಷರ ಚಿಕ್ಕದಾದರೂ ಪರವಾಗಿಲ್ಲ, ಒಂದೇ ಸಾಲಿನಲ್ಲಿ ಕೂಡಿಸಿ ಬರೆಸಿ. ಅಂಗಡಿಯವರಿಗೆ ಎದುರು ನಿಂತು ಹೇಳಿ.