ಬಿಸಿನೀರು, ಬಾಯ್ಲರ್, ಮ್ಯಾನಿಫೋಲ್ಡ್: ಕೇಳಿ, ಪ್ಲಂಬರ್ ಅಣ್ಣ ಹೇಳುತ್ತಾರೆ

ಗಿರಿ ರಸ್ತೆ ಹೋಂಸ್ಟೇ: ಅಣ್ಣ, ನೆಲದೊಳಗೆ ಬಿಸಿನೀರಿನ ಪೈಪ್ ಹಾಕಿಸಿದ್ದೇವೆ. ನೀರನ್ನು ರೂಮು ರೂಮಿಗೆ ಹಂಚುವ ಮ್ಯಾನಿಫೋಲ್ಡ್ ಪಕ್ಕದ ರೂಮು ಬೆಚ್ಚಗಿದೆ, ಕೊನೇ ರೂಮು ತಣ್ಣಗೆ. ಪಂಪ್ ದೊಡ್ಡದು ಹಾಕಲಾ?

ಪ್ಲಂಬರ್: ಬೇಡ. ಮೊದಲು ಗಾಳಿ ತೆಗೆಯಿರಿ. ಹತ್ತಿರದ ರೂಮಿನ ಗಿಡ್ಡ ಲೂಪಿನಲ್ಲಿ (ನೆಲದೊಳಗಿನ ಪೈಪ್ ಸುತ್ತು) ನೀರು ಸಲೀಸಾಗಿ ಹೋಗುತ್ತದೆ, ಅದರ ವಾಲ್ವ್ ಸ್ವಲ್ಪ ಮುಚ್ಚಿ. ಉದ್ದದ್ದು ಪೂರ್ತಿ ಬಿಡಿ. ಅರ್ಧ ದಿನ ಕಾಯಿರಿ, ಕಾಂಕ್ರೀಟ್ ನಿಧಾನಕ್ಕೆ ಕಾಯುತ್ತದೆ.

ಆಲ್ದೂರು: ನಮ್ಮದೂ ಒಂದು ರೂಮು ತಣ್ಣಗೆ ಸರ್.

ಪ್ಲಂಬರ್: ಮೇಲೆ ಬರೆದಿದ್ದೇನೆ.

ಕಡೂರು: ಸೋಲಾರ್ ನೀರನ್ನೇ ಮ್ಯಾನಿಫೋಲ್ಡ್‌ಗೆ ಕೊಡಬಹುದಾ?

ಸಕಲೇಶಪುರ ಎಸ್ಟೇಟ್: ನಮ್ಮದು ಸೌದೆ ಬಾಯ್ಲರ್, ಸಿಲ್ವರ್ ಓಕ್ ಉರಿಸುತ್ತೇವೆ. ಒತ್ತಡ ಹೆಚ್ಚಾದರೆ ತೆರೆಯುವ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತಿತ್ತು, ಮೇಸ್ತ್ರಿ ಪ್ಲಗ್ ಹಾಕಿದ. ಈಗ ಕರೆಂಟ್ ಹೋದಾಗ ಪೈಪು ದಡದಡ ಅನ್ನುತ್ತದೆ. ಪರವಾಗಿಲ್ಲ ಅಲ್ವಾ?

ಪ್ಲಂಬರ್: ಸರ್, ಇವತ್ತು ಬೆಂಕಿ ಹಾಕಲೇಬೇಡಿ. ಈಗ ಉರಿಯುತ್ತಿದ್ದರೆ ಸೌದೆ ನಿಲ್ಲಿಸಿ, ಬಾಯ್ಲರ್‌ನ ಗಾಳಿ ಬಾಗಿಲು ಮುಚ್ಚಿ, ಜನ ದೂರ ಇರಲಿ. ಕಾದ ಬಾಯ್ಲರ್‌ಗೆ ತಣ್ಣೀರು ಬಿಡಬೇಡಿ. ಬಿಸಿ ಇರುವಾಗ ಪ್ಲಗ್ ಮುಟ್ಟಬೇಡಿ.
ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಗ್ಯಾಸ್ ಆದರೆ ಆಫ್ ಆಗುತ್ತದೆ, ಸೌದೆ ಆಗುತ್ತದಾ? ನೀರು ಒಳಗೇ ಕುದಿಯುತ್ತದೆ, ವಾಲ್ವ್‌ಗೆ ಪ್ಲಗ್ ಹಾಕಿದ ಮೇಲೆ ಆವಿಗೆ ಹೊರದಾರಿ ಇಲ್ಲ. ಆ ದಡದಡ ಬಹುಪಾಲು ಆವಿಯದ್ದೇ. ಗೇಜ್‌ನಲ್ಲಿ ಒತ್ತಡ 3 ಬಾರ್ ಇದ್ದರೆ ನೀರು ಕುದಿಯುವುದೇ ಸುಮಾರು 143 ಡಿಗ್ರಿಗೆ. ಬಾಯ್ಲರ್ ಸೀಳಿದರೆ ಆ ನೀರಿನ ಒಂದು ಪಾಲು ಒಮ್ಮೆಗೇ ಆವಿಯಾಗಿ ಗೋಡೆ ಸಮೇತ ಎದ್ದು ಬರುತ್ತದೆ.
ವಾಲ್ವ್ ತೊಟ್ಟಿಕ್ಕಿದ್ದಕ್ಕೂ ಕಾರಣ ಇರುತ್ತದೆ. ನೀರು ಕುದಿಯುವ ಹೊತ್ತಿಗೆ ಶೇ 4ರಷ್ಟು ಹಿಗ್ಗುತ್ತದೆ. ಬಹುಶಃ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಇಲ್ಲ, ಇಲ್ಲವೇ ಕೆಟ್ಟಿದೆ. ನನ್ನ ಕೇಳಿದರೆ, ಸೌದೆ ಬಾಯ್ಲರ್‌ಗೆ ಮೇಲಿನ ಟ್ಯಾಂಕಿಗೆ ಹೋಗುವ ಓಪನ್ ವೆಂಟ್ ಪೈಪ್ ಬೇಕೇ ಬೇಕು. ನಡುವೆ ಒಂದೂ ವಾಲ್ವ್ ಇರಬಾರದು. ಪಂಪ್ ಇಲ್ಲದೆಯೂ ನೀರು ಸುತ್ತುವ ಒಂದು ಲೈನ್ ಇಡಿ. ಮ್ಯಾನಿಫೋಲ್ಡ್ ಮುಂದೆ, ಬಿಸಿನೀರಿಗೆ ತಣಿದ ನೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಇದೆಯಾ? ನೆಲದ ಲೂಪಿಗೆ 35–45 ಡಿಗ್ರಿ ಸಾಕು.

ಬೇಲೂರು ರಸ್ತೆ: ಫಾರ್ವರ್ಡ್ ಬಂದಿದೆ: ಟ್ಯಾಂಕಿಗೆ 1 ಕೆಜಿ ಉಪ್ಪು, ನಿಂಬೆಹಣ್ಣು ಹಾಕಿದರೆ ಪೈಪ್ ಬ್ಲಾಕ್ ಹೋಗುತ್ತದಂತೆ 🙏

ಪ್ಲಂಬರ್: ಉಪ್ಪು ಸ್ಟೀಲನ್ನೂ ತಿನ್ನುತ್ತದೆ. ಬ್ಲಾಕ್ ಜೊತೆ ಬಾಯ್ಲರೂ ಹೋಗುತ್ತದೆ. ದಯವಿಟ್ಟು ಡಿಲೀಟ್ ಮಾಡಿ.

ಬೇಲೂರು ರಸ್ತೆ: ಸುಮ್ನೆ ಹಾಕಿದ್ದು. ಕೋಪ ಯಾಕೆ?

ಮೂಡಿಗೆರೆ: ಇದೆಲ್ಲ ಶೋಕಿ. ಬಚ್ಚಲ ಒಲೆ, ತಾಮ್ರದ ಹಂಡೆ ಇತ್ತು, ಯಾರೂ ಸಾಯಲಿಲ್ಲ.

ಗಿರಿ ರಸ್ತೆ ಹೋಂಸ್ಟೇ: ಗೆಸ್ಟಿಗೆ ಹಂಡೆ ಕೊಟ್ಟರೆ ರಿವ್ಯೂ ನೀವು ಬರೆಯುತ್ತೀರಾ?

ಮೂಡಿಗೆರೆ: ಚಳಿ ತಾಳದವರು ಬೆಟ್ಟಕ್ಕೆ ಯಾಕೆ ಬರಬೇಕು?

ಪ್ಲಂಬರ್: ಹಂಡೆಗೆ ಬಾಯಿ ತೆರೆದೇ ಇತ್ತು, ಅದಕ್ಕೇ ಸಿಡಿಯಲಿಲ್ಲ. ಜಗಳ ಬೇರೆ ಕಡೆ ಆಡಿಕೊಳ್ಳಿ.

ಕಡೂರು: ಸೋಲಾರ್ ಕೇಳಿದ್ದೆ…

ಆಲ್ದೂರು: ಗಾಳಿ ಎಲ್ಲಿಂದ ತೆಗೆಯೋದು ಸರ್?

ಪ್ಲಂಬರ್: ಮ್ಯಾನಿಫೋಲ್ಡ್ ತುದಿಯ ವೆಂಟ್.

ಸಕಲೇಶಪುರ ಎಸ್ಟೇಟ್: ಶನಿವಾರ ಗೆಸ್ಟ್ ಬರುತ್ತಾರೆ ಅಣ್ಣ. ಎರಡು ದಿನ ಹಾಗೇ ಓಡಿಸಲಾ?

ಪ್ಲಂಬರ್: ಇಲ್ಲ ಅಂದರೆ ಇಲ್ಲ. ಗೀಸರ್ ಹಾಕಿ, ಕಂಬಳಿ ಜಾಸ್ತಿ ಕೊಡಿ. ಬಾಯ್ಲರ್ ಆರಿದ ಮೇಲೆ ವಾಲ್ವ್ ಇರುವ ಕಡೆಯ ಫೋಟೋ ಕಳಿಸಿ.