ಅಬ್ಬಿ ಬತ್ತುತ್ತಿದೆ: ಗಿಡ ನೆಡುವುದೇ, ಗುಂಡಿ ತೋಡುವುದೇ?

ಪ್ರಶ್ನೆ: ಶಿರಸಿ ಸಮೀಪದ ನಮ್ಮೂರಿನ ಅಬ್ಬಿ (ಬೆಟ್ಟದಿಂದ ಹರಿದುಬರುವ ಒರತೆ ನೀರು) ಮಾರ್ಚಿಗೇ ನಿಲ್ಲುತ್ತಿದೆ. ಹನ್ನೆರಡು ಮಂದಿ ಸೇರಿ ಈ ಮಳೆಗಾಲದಲ್ಲಿ ಬೆಟ್ಟದಲ್ಲಿ ಸಾವಿರ ಗಿಡ ನೆಡಬೇಕೆಂದಿದ್ದೇವೆ. ಇಂಗುಗುಂಡಿಯೇ ಮೇಲೆಂದು ಕೆಲವರು ಹೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಸಿದ್ದಾಪುರ ಕಡೆಯ ಕೃಷಿಕರೊಬ್ಬರು: ಎರಡಕ್ಕೂ ಮೊದಲು ಬೆಂಕಿ ಬೀಳದಂತೆ ಕಾಯಿರಿ, ಅಬ್ಬಿಯ ಮೇಲ್ಗಡೆಯ ಬೆಟ್ಟವನ್ನು ದರಕು (ಉದುರಿದ ಒಣ ಎಲೆ) ಗುಡಿಸದೆ ಬಿಡಿ. ನಾವು ಜೂನ್‌ನಲ್ಲಿ ನೆಟ್ಟ ಆರು ನೂರು ಗಿಡಗಳಲ್ಲಿ ಹೆಚ್ಚಿನವು ಮುಂದಿನ ಮಾರ್ಚಿನ ಬೆಂಕಿಗೆ ಹೋದವು. ಮರುವರ್ಷ ಒಂದೂ ಗಿಡ ನೆಡದೆ, ಗ್ರಾಮ ಅರಣ್ಯ ಸಮಿತಿಯ ಒಪ್ಪಿಗೆ ಪಡೆದು ಎರಡು ಎಕರೆಗೆ ದನ ನುಗ್ಗದಂತೆ ಬೇಲಿ ಕಟ್ಟಿ, ಜನವರಿಯಲ್ಲೇ ಬೆಂಕಿ ದಾಟದಂತೆ ಸುತ್ತಲೂ ಹುಲ್ಲು, ಎಲೆ ತೆಗೆದು ಬೆಂಕಿರೇಖೆ ಸವರಿ, ಸರದಿಯ ಮೇಲೆ ಕಾವಲು ನಿಂತೆವು. ಮೂರನೆಯ ಮಳೆಗಾಲಕ್ಕೆ ಮತ್ತಿ, ಹೊನ್ನೆ, ನೇರಳೆ ಸಸಿಗಳು ತಾವಾಗಿಯೇ ಮೊಣಕಾಲೆತ್ತರ ಬಂದಿದ್ದವು. ಏಪ್ರಿಲ್‌ನಲ್ಲಿ ಅಲ್ಲಿನ ದರಕನ್ನು ಕೈಯಿಂದ ಸರಿಸಿದರೆ ಮೇಲಿನ ಎಲೆ ಗರಿಗರಿಯಾಗಿದ್ದರೂ ಅಡಿಯದು ಕಪ್ಪಾಗಿ, ಬಿಳಿ ಬೂಷ್ಟಿನ ಎಳೆ ಹೆಣೆದುಕೊಂಡು, ಮಣ್ಣು ಬೆರಳಿಗೆ ತಣ್ಣಗೆ ಅಂಟುತ್ತದೆ. ಬೇಲಿಯಾಚೆ ಗುಡಿಸಿದ ನೆಲದಲ್ಲಿ ಬರಿಯ ಹರಳುಕಲ್ಲು. ಮಾರ್ಚ್ ನಡುವಿಗೆ ನಿಲ್ಲುತ್ತಿದ್ದ ಅಬ್ಬಿ ಕಳೆದ ವರ್ಷ ಏಪ್ರಿಲ್ ಕೊನೆಯವರೆಗೂ ಹರಿಯಿತು. ಆ ವರ್ಷ ಮಳೆಯೂ ಚೆನ್ನಾಗಿತ್ತೆಂಬುದನ್ನು ಮರೆಮಾಚಲಾರೆ.

ತೋಟಕ್ಕೆ ಸೊಪ್ಪು, ದರಕು ಬೇಕೇ ಬೇಕು. ಆದ್ದರಿಂದ ಉಳಿದ ಬೆಟ್ಟವನ್ನು ತೋಟದ ಪಾಲಿಗೆ ಬಿಟ್ಟುಕೊಟ್ಟೇ ಮನೆಮನೆಯವರನ್ನು ಒಪ್ಪಿಸಿದೆವು, ಈ ಕೆಲಸಕ್ಕೆ ಬೇಲಿಗಿಂತ ಹೆಚ್ಚು ದಿನ ಹಿಡಿಯಿತು. 1983ರ ಸೆಪ್ಟೆಂಬರ್ 8ರಂದು ನಿಮ್ಮದೇ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿ ನಿಂತು ಆರಂಭಿಸಿದ ಅಪ್ಪಿಕೋ ಚಳವಳಿಯ ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯಲ್ಲಿ ‘ಉಳಿಸು’ ಮೊದಲು ಬಂದಿರುವುದನ್ನು ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ನೆನಪಿಸಿದ ಮೇಲೆಯೇ ಮಾತು ಒಂದು ಹದಕ್ಕೆ ಬಂದಿತು.

ಇಂಗುಗುಂಡಿಯನ್ನು ಸಪಾಟು ಜಾಗದಲ್ಲಿ ಮಾತ್ರ ತೋಡಿರಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ನಾವು ಕಡಿದಾದ ಇಳಿಜಾರಿಗೆ ಗುದ್ದಲಿ ಹಾಕುವುದಿಲ್ಲ.

ಕುಮಟಾ ಕಡೆಯ ಶಿಕ್ಷಕಿಯೊಬ್ಬರು: ನಿಮ್ಮ ಅಬ್ಬಿಯ ನೀರು ಯಾವ ಹೊಳೆಗೆ ಸೇರುತ್ತದೆಂದು ನೋಡಿರಿ. ಅಘನಾಶಿನಿಗೆ ಸೇರುವುದಾದರೆ ಅದು ನಮ್ಮಲ್ಲಿಗೇ ಬರುತ್ತದೆ. ಅಣೆಕಟ್ಟಿಲ್ಲದ ಆ ನದಿಯ ಸಿಹಿನೀರು ಉಪ್ಪುನೀರಿನೊಡನೆ ಹದವಾಗಿ ಬೆರೆತರೆ ಮಾತ್ರ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಉಪ್ಪು ತಾಳುವ ಕಗ್ಗ ಭತ್ತ, ಅಳಿವೆಯಲ್ಲಿ ಬಳಚು ಎಂಬ ಚಿಪ್ಪು. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಬೆಂಕಿ ಕಾಯುವ ತಿಂಗಳುಗಳಲ್ಲಿ ಕೈ ಕಡಿಮೆಯಾದರೆ ತಿಳಿಸಿ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಎಂಟು ಮಂದಿ ಭಾನುವಾರಗಳಂದು ಬರಲು ಸಿದ್ಧರಿದ್ದಾರೆ.