ಕೆರಿಬಿಯನ್ ಕ್ರೂಸ್ ಮಾಡಿದವರಿಗೆ ಮೆಡಿಟರೇನಿಯನ್ ಕ್ರೂಸ್ ಬೇರೆ ಅನಿಸುತ್ತಾ?

ನೀಲಿದಾರಿ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ನಾನು, ನಮ್ಮ ಯಜಮಾನರು, ಅಮ್ಮ ಮೂವರೂ ಮಯಾಮಿಯಿಂದ 7 ರಾತ್ರಿಯ ಕೆರಿಬಿಯನ್ ಕ್ರೂಸ್‌ಗೆ ಹೋಗಿದ್ದೆವು. ಅಮ್ಮನಿಗೆ ಈಗ 72. ಅವರಿಗೆ ಊರು ನೋಡುವುದಕ್ಕಿಂತ ಹಡಗೇ ಇಷ್ಟ. ಮಧ್ಯಾಹ್ನ ಡೆಕ್ ಮೇಲೆ ಕೂತು ನೀರು ನೋಡುವುದು, ಸಂಜೆ ಆರಕ್ಕೆ ಊಟ, ಪಕ್ಕದ ಮೇಜಿನವರ ಜೊತೆ ಮಾತು. ಆ ಮೇಜಿನಲ್ಲಿ ಒಬ್ಬರು ಅಮೆರಿಕದ ಅಜ್ಜಿ ಇದ್ದರು. ಕೊನೆಯ ರಾತ್ರಿ ಅಮ್ಮನನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಅಮ್ಮ ಇವತ್ತಿಗೂ ಅವರನ್ನು ನೆನೆಸಿಕೊಳ್ಳುತ್ತಾರೆ.

ಈ ಸಲ ಸೆಪ್ಟೆಂಬರ್ ಕೊನೆಗೆ ಬಾರ್ಸಿಲೋನಾದಿಂದ 7 ರಾತ್ರಿ ಬುಕ್ ಮಾಡಿದ್ದೇವೆ. ಮಾರ್ಸೇಲ್, ಜಿನೋವಾ, ನೇಪಲ್ಸ್, ಮೆಸ್ಸಿನಾ, ಮಾಲ್ಟಾದ ವಲೆಟ್ಟಾ. ಯುರೋಪಿನ ಕಂಪನಿಯ ಹಡಗು. ಈಗ ಒಬ್ಬರು ಹೇಳಿದರು: "ಅದೇ ತರ ಇರುತ್ತೆ ಅಂದ್ಕೋಬೇಡಿ. ಪ್ರಕಟಣೆ ಐದು ಭಾಷೆಯಲ್ಲಿ, ಊಟ ರಾತ್ರಿ ಒಂಬತ್ತಕ್ಕೆ, ಕುಡಿಯುವ ನೀರಿಗೂ ದುಡ್ಡು, ಯಾರೂ ಯಾರ ಜೊತೆಗೂ ಮಾತಾಡಲ್ಲ."

ಇದು ನಿಜವಾ? ಜಾಗದಿಂದ ಹೀಗಾಗುತ್ತಾ, ಇಲ್ಲ ಪ್ರಯಾಣಿಕರು ಯಾವ ದೇಶದವರು ಅನ್ನೋದರಿಂದಲಾ? ಅಮ್ಮನಿಗೆ ಆ ಖುಷಿ ಮತ್ತೆ ಸಿಗಬೇಕು ಅನ್ನೋದೊಂದೇ ನನ್ನ ಚಿಂತೆ.

ಹಿಮದಂಚು:

ನಾನು ಎರಡೂ ಮಾಡಿದ್ದೇನೆ. ಬೇರೆಯೇ ಅನಿಸುತ್ತದೆ. ಕೆರಿಬಿಯನ್‌ನಲ್ಲಿ ಏಳು ದಿನಕ್ಕೆ ಎರಡು ಮೂರು ದಿನ ಬರೀ ಸಮುದ್ರ. ಹಾಗಾಗಿ ಹಡಗೇ ಊರು. ಮೆಡಿಟರೇನಿಯನ್‌ನಲ್ಲಿ ಹೆಚ್ಚುಕಡಿಮೆ ದಿನಾ ಒಂದು ಬಂದರು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಇಳಿದು ಹೋಗುತ್ತಾರೆ, ಸಂಜೆ ಕಾಲು ನೋವು ಅಂತ ವಾಪಸ್ ಬರುತ್ತಾರೆ. ಮಾತಾಡುವ ಪುರುಸೊತ್ತೇ ಇರುವುದಿಲ್ಲ.

ಆದರೆ ಜಾಗವೇ ಜನರನ್ನು ಬದಲಾಯಿಸುವುದನ್ನು ನಾನು ನೋಡಿದ್ದು ಅಲಾಸ್ಕಾದಲ್ಲಿ. ಅಲ್ಲಿಯೂ ಹೆಚ್ಚಿನವರು ಅಮೆರಿಕದವರೇ. ಕೆರಿಬಿಯನ್‌ನಲ್ಲಿ ಈಜುಕೊಳದ ಪಕ್ಕ ಜೋರು ಮ್ಯೂಸಿಕ್ ಹಾಕಿಕೊಂಡು ಕುಣಿಯುವವರು ಅಲ್ಲಿ ಬೈನಾಕ್ಯುಲರ್ ಹಿಡಿದು ಬೆಳಿಗ್ಗೆ ಆರಕ್ಕೇ ಡೆಕ್ ಮೇಲೆ ನಿಂತಿದ್ದರು. ಗ್ಲೇಸಿಯರ್ ಬೇ ಅನ್ನುವ ಹಿಮನದಿಗಳ ಕೊಲ್ಲಿಯ ಒಳಗೆ ಹೋಗುವಾಗ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿದರು. ಆಮೇಲೆ ಮೈಕ್‌ನಲ್ಲಿ ಅವರದೇ ದನಿ. ಹಿಮದ ಗೋಡೆಯ ಮುಂದೆ ಹಡಗು ನಿಂತಾಗ ಸಾವಿರಾರು ಜನ ಇದ್ದರೂ ಸದ್ದಿಲ್ಲ. ಒಂದು ತುಂಡು ಕಳಚಿ ನೀರಿಗೆ ಬಿತ್ತು. ಮೊದಲು ಕಣ್ಣಿಗೆ ಕಂಡಿತು, ಸದ್ದು ಆಮೇಲೆ ಗುಡುಗಿನ ಹಾಗೆ ಬಂತು. ಆವತ್ತು ರಾತ್ರಿ ಒಂಬತ್ತೂವರೆಗೆಲ್ಲ ಹಡಗು ಖಾಲಿ ಖಾಲಿ. ಎಲ್ಲರೂ ಮಲಗಿಬಿಟ್ಟಿದ್ದರು.

ಹಳೇ_ವೇಟರ್:

ಮೇಡಂ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂಬತ್ತು ವರ್ಷ ಹಡಗಿನ ಡೈನಿಂಗ್ ಹಾಲ್‌ನಲ್ಲಿ ದುಡಿದವನು. ಮೊದಲು ಅಸಿಸ್ಟೆಂಟ್ ವೇಟರ್, ಆಮೇಲೆ ವೇಟರ್. ಚಳಿಗಾಲದಲ್ಲಿ ಕೆರಿಬಿಯನ್, ಬೇಸಿಗೆಯಲ್ಲಿ ಮೆಡಿಟರೇನಿಯನ್. ಏಪ್ರಿಲ್‌ನಲ್ಲಿ ಅದೇ ಹಡಗು ಅಟ್ಲಾಂಟಿಕ್ ದಾಟಿ ಯುರೋಪಿಗೆ ಬರುತ್ತಿತ್ತು. ನಾವು ಅದಕ್ಕೆ ಕ್ರಾಸಿಂಗ್ ಅನ್ನುತ್ತಿದ್ದೆವು. ಒಂದು ವಾರದಷ್ಟು ನೆಲ ಕಾಣದು. ಆಗಾಗ ರಾತ್ರಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನಮ್ಮ ನಿದ್ದೆಯಲ್ಲಿ ಒಂದು ಗಂಟೆ ಕಳೆಯುತ್ತದೆ.

ಅದೇ ಹಡಗು, ಅದೇ ಮೇಜು, ಅದೇ ನಾನು. ಆದರೆ ಬಾರ್ಸಿಲೋನಾದಲ್ಲಿ ಹೊಸ ಗೆಸ್ಟ್‌ಗಳು ಹತ್ತಿದ ಮೊದಲ ರಾತ್ರಿಯೇ ನನ್ನ ಕೈಯ ಅಭ್ಯಾಸವೆಲ್ಲ ತಪ್ಪುತ್ತಿತ್ತು. ಅಮೆರಿಕದ ಗೆಸ್ಟ್‌ಗಳು ಬಂದು ಕೂರುವ ಮೊದಲೇ ಗ್ಲಾಸಿನಲ್ಲಿ ಐಸ್ ನೀರು ಇರಬೇಕು. ಐಸ್ ಕರಗಿದರೂ ಕೇಳುತ್ತಾರೆ. ಯುರೋಪಿನವರ ಮುಂದೆ ಅದೇ ಗ್ಲಾಸ್ ಇಟ್ಟರೆ ಊಟ ಮುಗಿದರೂ ಹಾಗೇ ಇರುತ್ತಿತ್ತು, ಐಸ್ ಕರಗಿ ಮೇಜಿನ ಬಟ್ಟೆ ಒದ್ದೆ. ಅವರಿಗೆ ಬಾಟಲಿ ನೀರು ಬೇಕು, ಗ್ಯಾಸ್ ಇರೋದಾ ಇಲ್ಲದ್ದಾ ಅಂತ ಕೇಳಬೇಕು. ಅಲ್ಲಿನ ಹೋಟೆಲುಗಳಲ್ಲೂ ಹೀಗೇ ಬಾಟಲಿ ತರಿಸಿ ದುಡ್ಡು ಕೊಡುವುದು ರೂಢಿ. ಹಡಗೂ ಅದನ್ನೇ ಪಾಲಿಸುತ್ತದೆ. ನೀರಿಗೂ ದುಡ್ಡು ಅಂತ ಕೇಳಿದ್ದೀರಲ್ಲ, ಅದು ಇದೇ. ಬಫೆ ಇರುವ ಡೆಕ್‌ನಲ್ಲಿ ಕೊಳಾಯಿ ನೀರು ಸಾಮಾನ್ಯವಾಗಿ ದುಡ್ಡಿಲ್ಲದೆ ಸಿಗುತ್ತದೆ.

ಕಾಫಿ ಇನ್ನೊಂದು. ಅಮೆರಿಕದವರಿಗೆ ಸಿಹಿಯ ಜೊತೆಗೇ ದೊಡ್ಡ ಕಪ್ ಕಾಫಿ ಬೇಕು. ಇಟಲಿಯವರು ಸಿಹಿ ಮುಗಿಸಿ, ತಟ್ಟೆ ತೆಗೆಯುವ ತನಕ ಕಾಯುತ್ತಾರೆ. ಆಮೇಲೆ ಪುಟ್ಟ ಕಪ್‌ನಲ್ಲಿ ಎಸ್ಪ್ರೆಸೊ. ರಾತ್ರಿ ಊಟದ ಮೇಲೆ ಹಾಲಿನ ಕಾಫಿ ಬೇಕಾ ಅಂತ ಕೇಳಿದರೆ ಮುಖ ನೋಡುತ್ತಾರೆ. ರಾತ್ರಿ ಊಟ ಎರಡು ಸರದಿಯಲ್ಲಿ ನಡೆಯುತ್ತದೆ, ಅದಕ್ಕೆ ಸಿಟ್ಟಿಂಗ್ ಅನ್ನುತ್ತೇವೆ. ಎರಡನೇ ಸಿಟ್ಟಿಂಗ್ ಒಂಬತ್ತರ ಮೇಲೆ ಶುರುವಾದರೆ ಹನ್ನೊಂದೂವರೆಗೂ ಎದ್ದೇಳುವುದಿಲ್ಲ, ಮಕ್ಕಳೂ ಸೇರಿ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಬೆಳಿಗ್ಗೆ ಆರಕ್ಕೆ ಮತ್ತೆ ಡ್ಯೂಟಿ ಅಲ್ವಾ. ಆಮೇಲೆ ಗೊತ್ತಾಯಿತು, ಅವರಿಗೆ ಆ ಮೇಜೇ ಶೋ. ಊಟ ಮುಗಿಸಿ ಥಿಯೇಟರ್‌ಗೆ ಓಡುವುದು ಅಮೆರಿಕದವರ ಪದ್ಧತಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಯಾರೂ ಮಾತಾಡುವುದಿಲ್ಲ ಅನ್ನುವುದಕ್ಕೆ ದೇಶ ಕಾರಣ ಅಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಎಲ್ಲಿ ಹತ್ತುತ್ತಾರೆ ಅನ್ನುವುದು ಕಾರಣ. ಮಯಾಮಿಯಲ್ಲಿ ಎಲ್ಲರೂ ಒಂದೇ ದಿನ ಹತ್ತಿ ಒಂದೇ ದಿನ ಇಳಿಯುತ್ತಾರೆ. ಮೂರನೇ ದಿನಕ್ಕೆ ಹಡಗು ಒಂದು ಹದಕ್ಕೆ ಬರುತ್ತದೆ. ಲಿಫ್ಟ್‌ನಲ್ಲಿ ನಗುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಯುರೋಪಿನ ಕೆಲವು ಕಂಪನಿಗಳು ಮೆಡಿಟರೇನಿಯನ್‌ನಲ್ಲಿ ಹಾಗೆ ಮಾಡುವುದಿಲ್ಲ. ಬಾರ್ಸಿಲೋನಾದಲ್ಲಿ ಸ್ಪೇನಿನವರು, ಮಾರ್ಸೇಲ್‌ನಲ್ಲಿ ಫ್ರಾನ್ಸಿನವರು, ಜಿನೋವಾ, ನೇಪಲ್ಸ್‌ನಲ್ಲಿ ಇಟಲಿಯವರು ಹೀಗೆ ಹತ್ತುತ್ತಾ ಇಳಿಯುತ್ತಾ ಇರುತ್ತಾರೆ. ದಿನಾ ಯಾರಿಗೋ ಮೊದಲ ದಿನ, ಯಾರಿಗೋ ಕೊನೆಯ ದಿನ. ಸುರಕ್ಷತೆಯ ಡ್ರಿಲ್ ಕೂಡ ಹೊಸಬರು ಹತ್ತಿದಾಗಲೆಲ್ಲ ನಡೆಯುತ್ತದೆ. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಇಟಲಿಯ ತೀರದಲ್ಲಿ ಬಂಡೆಗೆ ಬಡಿದು 32 ಜನ ಸತ್ತರು. ಆವತ್ತು ಬಂದರಿನಲ್ಲಿ ಹೊಸದಾಗಿ ಹತ್ತಿದ ಎಷ್ಟೋ ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಅದಾದ ಮೇಲೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ ಬಂತು. ಹಾಗಾಗಿ ಐದು ಭಾಷೆಯ ಪ್ರಕಟಣೆ ಕೇಳಿ ಸಾಕಾದರೂ ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ನನ್ನ ಸೆಕ್ಷನ್‌ನಲ್ಲಿ ಒಮ್ಮೆ ಬಾರ್ಸಿಲೋನಾದಲ್ಲಿ ಹತ್ತಿದ ದಂಪತಿ ಪಕ್ಕದ ಮೇಜಿನ ಗಲಾಟೆಗೆ ಬೇಸರ ಮಾಡಿಕೊಂಡರು. "ಈ ಇಟಲಿಯವರು ಯಾವಾಗಲೂ ಹೀಗೇ" ಅಂದರು. ಆ ಮನೆಯವರು ಆವತ್ತು ಮಧ್ಯಾಹ್ನವಷ್ಟೇ ನೇಪಲ್ಸ್‌ನಲ್ಲಿ ಹತ್ತಿದ್ದರು. ಮೊದಲ ರಾತ್ರಿ, ಹನ್ನೊಂದು ಜನ, ಅಜ್ಜನ ಹುಟ್ಟುಹಬ್ಬ. ಈ ದಂಪತಿಯೂ ಬಾರ್ಸಿಲೋನಾದ ಮೊದಲ ರಾತ್ರಿ ಅಷ್ಟೇ ಜೋರಾಗಿ ನಕ್ಕಿದ್ದನ್ನು ನಾನೇ ನೋಡಿದ್ದೆ.

ಒಂದು ಕಾಂಟ್ರಾಕ್ಟ್ ಶಾಂಘೈನಲ್ಲೂ ಮಾಡಿದೆ. ಅಲ್ಲಿಂದ ನಾಲ್ಕೈದು ರಾತ್ರಿಯ ಟ್ರಿಪ್, ಜಪಾನಿನ ಫುಕುವೋಕಾ, ನಾಗಸಾಕಿ ಕಡೆಗೆ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಗು, ಎಲ್ಲ ಒಂದೇ ಮೇಜಿಗೆ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಒಂದಾದ ಮೇಲೊಂದು ಕೋರ್ಸ್ ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯಲಿಲ್ಲ. ಎಲ್ಲವನ್ನೂ ಒಟ್ಟಿಗೆ ತಂದು ನಡುವೆ ಇಡಬೇಕು, ಅವರೇ ಹಂಚಿಕೊಳ್ಳುತ್ತಾರೆ. ಮಧ್ಯಾಹ್ನದ ಬಿಸಿಲಲ್ಲಿ ಈಜುಕೊಳದ ಸುತ್ತ ಕುರ್ಚಿಗಳೆಲ್ಲ ಖಾಲಿ. ಮಯಾಮಿಯಲ್ಲಿ ಅದೇ ಕುರ್ಚಿಗೆ ಬೆಳಿಗ್ಗೆ ಏಳಕ್ಕೇ ಟವೆಲ್ ಹಾಕಿ ಜಾಗ ಹಿಡಿಯುತ್ತಿದ್ದರು.

ಮೊದಲ ರಾತ್ರಿ ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಮುಂದೆ ಐಸ್ ನೀರು ಇಟ್ಟೆ. ಅವರು ಏನೂ ಹೇಳಲಿಲ್ಲ. ಐಸ್ ಚಮಚದಿಂದ ಒಂದೊಂದೇ ತೆಗೆದು ತಟ್ಟೆಗೆ ಹಾಕಿದರು. ಆಮೇಲೆ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ಕೂತರು, ನೀರು ಬೆಚ್ಚಗಾಗಲಿ ಅಂತ. ಸೊಸೆ ಹೇಳಿದ ಮೇಲೆಯೇ ನನಗೆ ಅರ್ಥ ಆಗಿದ್ದು. ಮಾರನೇ ದಿನದಿಂದ ಅವರು ಬರುವ ಮೊದಲು ಮೇಜಿನ ಮೇಲೆ ಬಿಸಿನೀರಿನ ಜಗ್ ಇರುತ್ತಿತ್ತು. ಒಂದು ಮಾತೂ ಹಂಚಿಕೊಳ್ಳಲು ಭಾಷೆ ಇರಲಿಲ್ಲ ಮೇಡಂ. ಆದರೂ ಕೊನೆಯ ದಿನ ಆ ಅಜ್ಜಿ ನನ್ನ ಕೈಗೆ ಒಂದು ಕಿತ್ತಳೆ ಇಟ್ಟು ಹೋದರು.

ಕಂಪನಿಗಳಿಗೂ ಇದೆಲ್ಲ ಗೊತ್ತು. ನಾರ್ವೇಜಿಯನ್ ಜಾಯ್ ಅಂತ ಒಂದು ಹಡಗಿದೆ. 2017ರಲ್ಲಿ ಚೀನಾದ ಪ್ರಯಾಣಿಕರಿಗೆಂದೇ ಕಟ್ಟಿದ್ದು. ಟೀ ಕೋಣೆ, ಕರೋಕೆ, ದೊಡ್ಡ ಅಂಗಡಿಗಳು, ದೊಡ್ಡ ಕ್ಯಾಸಿನೊ ಎಲ್ಲ ಇತ್ತು. ಎರಡೇ ವರ್ಷಕ್ಕೆ, 2019ರಲ್ಲಿ, ಅದನ್ನು ಸಿಯಾಟಲ್‌ನಿಂದ ಅಲಾಸ್ಕಾ ದಾರಿಗೆ ತಂದರು. ತರುವ ಮೊದಲು ಒಳಗಿನದ್ದನ್ನು ಒಡೆದು ಬೇರೆ ಮಾಡಬೇಕಾಯಿತು. ಹಿಮ ನೋಡುತ್ತಾ ಕೂರಲು ದೊಡ್ಡ ಗಾಜಿನ ಹಾಲ್ ಬಂತು. ಬರೀ ಬಣ್ಣ ಬಳಿದು ಮುಗಿಸುವ ಕೆಲಸ ಆಗಿದ್ದರೆ ಅಷ್ಟು ದುಡ್ಡು ಸುರಿಯುತ್ತಿರಲಿಲ್ಲ.

ಸಾಗರದ_ಟಿಕೆಟ್:

ಹಳೇ ವೇಟರ್ ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾನು ಒಂದು ಸೇರಿಸುತ್ತೇನೆ. ಬುಕ್ ಮಾಡುವಾಗ ಹಡಗು ಯಾರಿಗಾಗಿ ಓಡುತ್ತಿದೆ ಅಂತ ನೋಡಿ. ಜರ್ಮನಿಯವರ ಐಡಾ ಹಡಗಿನಲ್ಲಿ ಹೋಗಿದ್ದೆ. ಎಲ್ಲವೂ ಜರ್ಮನ್‌ನಲ್ಲಿ. ಊಟದ ಜೊತೆ ಬಿಯರ್, ವೈನ್ ಟಿಕೆಟ್‌ನಲ್ಲೇ ಸೇರಿತ್ತು. ಟೈ, ಕೋಟು ಯಾರೂ ಕೇಳುವುದಿಲ್ಲ. ಸೌನಾದಲ್ಲಿ, ಅಂದರೆ ಬೆವರಲೆಂದು ಕೂರುವ ಬಿಸಿ ಕೋಣೆಯಲ್ಲಿ, ಗಂಡಸರು ಹೆಂಗಸರು ಒಟ್ಟಿಗೇ, ಬಟ್ಟೆ ಇಲ್ಲದೆ. ನಾನು ಈಜುಡುಗೆಯಲ್ಲಿ ಒಳಗೆ ಹೋದಾಗ ಅಲ್ಲಿದ್ದ ಹುಡುಗಿ ಮೆಲ್ಲಗೆ ಟವೆಲ್ ಕೊಟ್ಟು, ಇಲ್ಲಿ ಬಟ್ಟೆ ಹಾಕಿಕೊಂಡು ಕೂರುವುದು ಶುಚಿ ಅಲ್ಲ ಅಂತ ವಿವರಿಸಿದಳು. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಅರ್ಧ ಗಂಟೆಯಲ್ಲಿ ನನ್ನ ಸಂಕೋಚ ಹೋಯಿತು.

ಬ್ರಿಟಿಷರ ಹಡಗು ಮತ್ತೆ ಬೇರೆ. ಸೌತಾಂಪ್ಟನ್‌ನಿಂದ ಹೊರಡುವ ಪಿ ಅಂಡ್ ಓ ಹಡಗಿನಲ್ಲಿ ಕ್ಯಾಬಿನ್‌ನಲ್ಲೇ ಟೀ ಕೆಟಲ್. ಕೆಲವು ರಾತ್ರಿ ಕಪ್ಪು ಸೂಟಿನ ಊಟ, ಜನ ನಿಜವಾಗಿಯೂ ಹಾಕಿಕೊಂಡು ಬರುತ್ತಾರೆ. ಟಿಪ್ಸ್ ವಿಷಯವೂ ನೋಡಿಕೊಳ್ಳಿ. ಅಮೆರಿಕದ ಹಡಗುಗಳಲ್ಲಿ ದಿನಕ್ಕಿಷ್ಟು ಅಂತ ಬಿಲ್‌ಗೆ ತಾನಾಗಿ ಸೇರುತ್ತದೆ. ಪಿ ಅಂಡ್ ಓ 2019ರಲ್ಲಿ ಅದನ್ನು ತೆಗೆದುಹಾಕಿತು. ಆಸ್ಟ್ರೇಲಿಯಾದಿಂದ ಹೊರಡುವ ಹಲವು ಹಡಗುಗಳಲ್ಲಿ ಟಿಕೆಟ್‌ನಲ್ಲೇ ಸೇರಿರುತ್ತದೆ. ಅಲ್ಲಿಯ ಜನಕ್ಕೆ ಟಿಪ್ಸ್ ಕೊಡುವ ಅಭ್ಯಾಸ ಕಡಿಮೆ.

ನೀಲಿದಾರಿ:

ಓದಿ ಕಣ್ಣು ಒದ್ದೆಯಾಯಿತು ಸರ್. ಕಿತ್ತಳೆಯ ಕಥೆ ಅಮ್ಮನಿಗೂ ಓದಿ ಹೇಳಿದೆ. "ನಾನೂ ಒಂದು ಚೀಲ ತುಂಬಾ ಏನಾದ್ರೂ ತಗೊಂಡು ಹೋಗ್ತೀನಿ, ಭಾಷೆ ಬರದಿದ್ರೆ ಏನಾಯ್ತು" ಅಂದರು.

ಈಗ ಎರಡೇ ಪ್ರಶ್ನೆ. ಊಟಕ್ಕೆ ಯಾವ ಸಿಟ್ಟಿಂಗ್ ತಗೊಳ್ಳಲಿ? ಅಮ್ಮನಿಗೆ ಡೆಕ್ ಮೇಲೆ ಕೂರುವ ಆ ಸಮಾಧಾನ ಇಲ್ಲಿ ಸಿಗುವುದೇ ಇಲ್ಲವಾ?

ಹಳೇ_ವೇಟರ್:

ಮೊದಲ ಸಿಟ್ಟಿಂಗ್ ತಗೊಳ್ಳಿ ಮೇಡಂ. ಅಲ್ಲಿ ಮೊದಲನೆಯದೇ ಏಳರ ಹೊತ್ತಿಗೆ ಇರುತ್ತದೆ. ಅಮ್ಮನಿಗೆ ಆರಕ್ಕೇ ಹಸಿವಾದರೆ ಐದಕ್ಕೆ ಬಫೆಯಲ್ಲಿ ಏನಾದರೂ ಸಣ್ಣದು ತಿನ್ನಿಸಿಕೊಂಡು ಬನ್ನಿ.

ಸಮಾಧಾನ ಖಂಡಿತ ಸಿಗುತ್ತದೆ. ಯಾವುದಾದರೂ ಒಂದು ಬಂದರಿನ ದಿನ ಇಳಿಯಬೇಡಿ. ನನ್ನ ಕೇಳಿದರೆ ಮಾರ್ಸೇಲ್ ಬಿಡಿ. ಅಲ್ಲಿ ದೊಡ್ಡ ಹಡಗುಗಳು ನಿಲ್ಲುವ ಜಾಗ ಊರಿನಿಂದ ದೂರ, ವಯಸ್ಸಾದವರಿಗೆ ಓಡಾಟ ಜಾಸ್ತಿ. ಎಲ್ಲರೂ ಇಳಿದ ಮೇಲೆ ಇಡೀ ಡೆಕ್ ನಿಮ್ಮದೇ. ಕೆರಿಬಿಯನ್‌ನ ಯಾವ ದಿನವೂ ಅಷ್ಟು ನಿಶ್ಶಬ್ದ ಇರುವುದಿಲ್ಲ. ವಲೆಟ್ಟಾ ಬರುವಾಗ ಮಾತ್ರ ಅಮ್ಮನನ್ನು ಬೇಗ ಎಬ್ಬಿಸಿ ಮೇಲಕ್ಕೆ ಕರೆದುಕೊಂಡು ಹೋಗಿ. ಎರಡೂ ಕಡೆ ಜೇನುಬಣ್ಣದ ಕೋಟೆ ಗೋಡೆ, ನಡುವೆ ಹಡಗು ಮೆಲ್ಲಗೆ ನುಗ್ಗುತ್ತದೆ. ಒಂಬತ್ತು ವರ್ಷದಲ್ಲಿ ಡ್ಯೂಟಿ ನಡುವೆ ಅಡುಗೆಮನೆ ಕಡೆಯ ಸಣ್ಣ ಕಿಟಕಿಯಿಂದ ಎಷ್ಟು ಸಲ ನೋಡಿದ್ದೇನೋ.

ಸೆಪ್ಟೆಂಬರ್ ಕೊನೆ ಒಳ್ಳೆಯ ಹೊತ್ತು. ಆಗಸ್ಟ್‌ನಲ್ಲಿ ಇಟಲಿಯವರಿಗೆಲ್ಲ ರಜೆ, ಹಡಗು ತುಂಬಿ ತುಳುಕುತ್ತದೆ. ನೀವು ಹೋಗುವಾಗ ಶಾಲೆ ಶುರುವಾಗಿರುತ್ತದೆ, ವಯಸ್ಸಾದವರೇ ಜಾಸ್ತಿ ಇರುತ್ತಾರೆ.

ಇನ್ನೊಂದು, ಇದನ್ನು ಮರೆಯಬೇಡಿ. ಹಡಗು ಹತ್ತಿದ ದಿನವೇ ಡೈನಿಂಗ್ ಹಾಲ್‌ನ ಮುಖ್ಯಸ್ಥ, ಅಂದರೆ ಮೇತ್ರ್ ಡಿ ಹತ್ತಿರ ಹೋಗಿ. "ದೊಡ್ಡ ಮೇಜು ಕೊಡಿ, ಬಾರ್ಸಿಲೋನಾದಲ್ಲೇ ಹತ್ತಿ ಬಾರ್ಸಿಲೋನಾದಲ್ಲೇ ಇಳಿಯುವವರ ಜೊತೆ ಕೂರಿಸಿ" ಅಂತ ಕೇಳಿ. ಅವರ ಹತ್ತಿರ ಯಾರು ಎಲ್ಲಿ ಇಳಿಯುತ್ತಾರೆ ಅನ್ನುವ ಪಟ್ಟಿ ಇರುತ್ತದೆ. ಏಳು ರಾತ್ರಿ ಅದೇ ಮುಖಗಳು ಎದುರಿಗೆ ಇದ್ದರೆ ಅಮ್ಮ ಮಿಕ್ಕಿದ್ದನ್ನು ತಾವೇ ನೋಡಿಕೊಳ್ಳುತ್ತಾರೆ. ಆದರೆ ಮೊದಲ ರಾತ್ರಿಯ ಊಟಕ್ಕೆ ಮುಂಚೆಯೇ ಕೇಳಬೇಕು. ಮಾರನೇ ದಿನ ಮಾರ್ಸೇಲ್‌ನವರು ಹತ್ತಿಬಿಟ್ಟರೆ ಮೇಜು ಬದಲಿಸುವುದು ಕಷ್ಟ.